ಈ ಚೀಟಿ ಹೋದ ಕಡೆ ನಾನು ಹೋಗಲ್ಲ

ಅವರ ಪೆನ್ನು ಎಳೆಯ ಬದನೆಕಾಯಿಯಷ್ಟು ದಪ್ಪಗಿತ್ತು. ಒಳಗಿದ್ದದ್ದು ಅಂಗಡಿಯಲ್ಲಿ ಸಿಗುವ ಮಾಮೂಲಿ ಬಾಲ್ ಪೆನ್ನೇ. ಅದರ ಸುತ್ತ ಹತ್ತಿ, ಹತ್ತಿಯ ಮೇಲೆ ಗಾಯಕ್ಕೆ ಹಾಕುವ ಬಿಳಿ ಪ್ಲಾಸ್ಟರ್, ಸುತ್ತಿನ ಮೇಲೆ ಸುತ್ತು. ಬೆರಳು ಒತ್ತುವ ಜಾಗದಲ್ಲಿ ಪ್ಲಾಸ್ಟರ್ ಬೂದು ಬಣ್ಣಕ್ಕೆ ತಿರುಗಿ ಹೊಳೆಯುತ್ತಿತ್ತು. ಡಾಕ್ಟ್ರಮ್ಮನ ಬಲಗೈ ಹೆಬ್ಬೆರಳಿನ ಗೆಣ್ಣು ಊದಿಕೊಂಡು ಒಂದು ಪಕ್ಕಕ್ಕೆ ವಾಲಿತ್ತು. ತೆಳ್ಳಗಿನ ಪೆನ್ನನ್ನು ಅದು ಹಿಡಿಯಲಾರದು. ಹಿಡಿದರೂ ಎರಡು ಸಾಲಿಗೆ ಕೈ ಕೆಳಗಿಳಿಯುತ್ತಿತ್ತು. ಆಗ ಅವರು ಪೆನ್ನನ್ನು ಮೇಜಿನ ಮೇಲಿಟ್ಟು ಬೆರಳನ್ನು ಎಡಗೈಯ ಮುಷ್ಟಿಯಲ್ಲಿ ಮುಚ್ಚಿಕೊಂಡು, ಎದುರಿಗಿದ್ದ ರೋಗಿಯ ಕಡೆ ನೋಡುತ್ತ, "ಒಂದು ನಿಮಿಷ ಇರಪ್ಪ, ಇದಕ್ಕೆ ಸುಸ್ತಾಗಿದೆ," ಅನ್ನುತ್ತಿದ್ದರು. ತನಗೆ ಸುಸ್ತು ಅಂತ ಅಲ್ಲ, ಇದಕ್ಕೆ ಸುಸ್ತು ಅಂತ. ಆ ಬೆರಳು ಬೇರೆ ಯಾರದ್ದೋ ಎಂಬ ಹಾಗೆ.

ಅವರನ್ನು ನೆನೆಯಲು ಕೂತರೆ ಮೊದಲು ಬರುವುದು ಆ ಪೆನ್ನು. ಮುಖ ಆಮೇಲೆ ಬರುತ್ತದೆ, ಅದೂ ತುಂಡು ತುಂಡಾಗಿ. ಒಂದು ದಿನದ ಕನ್ನಡಕ, ಇನ್ನೊಂದು ದಿನದ ದುಪಟ್ಟಾ. ನೆನಪು ಒಬ್ಬರನ್ನು ಪೂರ್ತಿ ಕೊಡುವುದಿಲ್ಲ. ಕೊಟ್ಟ ಹಾಗೆ ನಟಿಸಿದಾಗ ನನಗೆ ಅದರ ಮೇಲೆ ಅನುಮಾನ ಬರುತ್ತದೆ. ಹಾಗಾಗಿ ಗೊತ್ತಿರುವಷ್ಟನ್ನು ಬರೆಯುತ್ತೇನೆ. ಗೊತ್ತಿಲ್ಲದ ಕಡೆ ಗೊತ್ತಿಲ್ಲ ಎಂದೇ ಬರೆಯುತ್ತೇನೆ. ಅದೂ ಅವರೇ ಕಲಿಸಿದ್ದು.

ಗುಬ್ಬಿಯ ಬಸ್ ನಿಲ್ದಾಣದ ಹಿಂದಿನ ರಸ್ತೆಯಲ್ಲಿ ಅವರ ಕ್ಲಿನಿಕ್ ಇತ್ತು, ಮನೆ ತುಮಕೂರಿನ ಉಪ್ಪಾರಹಳ್ಳಿಯಲ್ಲಿ. ಬೆಳಗಿನ ರೈಲಿಗೆ ಬಂದು ಸಂಜೆಯ ರೈಲಿಗೆ ಹೋಗುತ್ತಿದ್ದರು. ತಂದೆಯ ಕಡೆಯವರದು ಪೇಟೆಯಲ್ಲಿ ಹಾರ್ಡ್‌ವೇರ್ ಅಂಗಡಿ. ಮನೆಯಲ್ಲಿ ಉರ್ದು, ಹೊರಗೆಲ್ಲ ನಮ್ಮ ಹಾಗೆಯೇ ಗುಬ್ಬಿ–ತುಮಕೂರು ಕನ್ನಡ. ಮೊದಲು ಕುಣಿಗಲ್ಲಿನ ಸರ್ಕಾರಿ ಆಸ್ಪತ್ರೆಯಲ್ಲಿದ್ದರಂತೆ. ಮದುವೆ ಆಗಿರಲಿಲ್ಲ. ಯಾಕೆ ಅಂತ ನಾನು ಕೇಳಲಿಲ್ಲ.

ನಾನು ಆಗ ಗುಬ್ಬಿಯ ಒಂದು ಕಾಲೇಜಿನಲ್ಲಿ ಇಂಗ್ಲಿಷ್ ಅತಿಥಿ ಉಪನ್ಯಾಸಕಿ. ನಾನೂ ಅದೇ ರೈಲಿಗೆ ಬಂದು ಹೋಗುತ್ತಿದ್ದವಳು. ಜ್ವರ ಅಂತ ಒಂದು ಸಲ ಅವರ ಎದುರು ಕೂತೆ. ನಾಲಿಗೆ ನೋಡಿದರು, ಬೆನ್ನಿಗೆ ಸ್ಟೆತಾಸ್ಕೋಪ್ ಇಟ್ಟರು, ಆಮೇಲೆ ಕೇಳಿದರು:

"ಏನ್ ಕೆಲಸ ಮಾಡ್ತೀಯಮ್ಮ?"

"ಇಂಗ್ಲಿಷ್ ಪಾಠ ಮಾಡ್ತೀನಿ."

"ಕೈಬರಹ ಹೆಂಗಿದೆ?"

"ಪರ್ವಾಗಿಲ್ಲ."

"ಜ್ವರ ಬಿಟ್ಮೇಲೆ ಬಾ. ನನ್ ಕೈಗೆ ಒಂದು ಕೈ ಬೇಕು."

ಹೀಗೆ ನಾನು ಅವರ ಕೈಯಾದೆ. ಕಾಲೇಜು ಮುಗಿದ ಮೇಲೆ ಸಂಜೆಯ ಗಾಡಿ ಬರುವ ತನಕ ಅವರು ಹೇಳಿದ್ದನ್ನು ಬರೆಯುವುದು. ಮಾತ್ರೆ ಚೀಟಿಗಳನ್ನು ಅವರೇ ಬರೆಯುತ್ತಿದ್ದರು, ಆ ಬದನೆಕಾಯಿ ಪೆನ್ನಿನಲ್ಲಿ, ನಿಧಾನವಾಗಿ. ನನಗೆ ಹೇಳಿ ಬರೆಸುತ್ತಿದ್ದದ್ದು ದೊಡ್ಡ ಚೀಟಿ. ತಮ್ಮ ಕೈಯಲ್ಲಿ ಆಗದ ಕಾಯಿಲೆಯವರನ್ನು ತುಮಕೂರಿಗೋ ಬೆಂಗಳೂರಿಗೋ ಕಳಿಸುವಾಗ, ಅಲ್ಲಿನ ಡಾಕ್ಟರಿಗೆ ಇಂಗ್ಲಿಷಿನಲ್ಲಿ ಬರೆದುಕೊಡುವ ಕಾಗದ ಅದು. ಬೇರೆ ಡಾಕ್ಟರುಗಳು ಇದನ್ನು ನಾಲ್ಕು ಸಾಲಿನಲ್ಲಿ ಮುಗಿಸುತ್ತಾರೆ, ಆ ನಾಲ್ಕು ಸಾಲಿನಲ್ಲಿ ಅರ್ಧಕ್ಕರ್ಧ, ಪೂರ್ತಿ ಪದದ ಬದಲು ಬಿಡಿ ಅಕ್ಷರಗಳು. ಡಾಕ್ಟ್ರಮ್ಮನದು ಒಂದು ಪುಟ. ಬಿಡಿ ಅಕ್ಷರಗಳೇ ಇಲ್ಲ.

ಮೊದಲ ದಿನವೇ ಅವರ ಕೈಗೆ ಸಿಕ್ಕಿಬಿದ್ದೆ. ಅವರು ವೇಗವಾಗಿ ಹೇಳುತ್ತಿದ್ದರು, ನಾನು ಕಾಲೇಜಿನಲ್ಲಿ ನೋಟ್ಸ್ ಬರೆಯುವ ಅಭ್ಯಾಸದಲ್ಲಿ ಪೇಷೆಂಟ್ ಎಂಬಲ್ಲೆಲ್ಲ ಪಿ.ಟಿ. ಎಂದು ಗೀಚಿಕೊಂಡು ಹೋಗಿದ್ದೆ. ಕಾಗದ ತೆಗೆದುಕೊಂಡು ಕಣ್ಣಿಗೆ ಹತ್ತಿರ ಹಿಡಿದು ಕೇಳಿದರು:

"ಪಿ.ಟಿ. ಅಂದ್ರೆ ಯಾರಮ್ಮ? ನಿಮ್ ಕಾಲೇಜಿನ ಪಿ.ಟಿ. ಮಾಸ್ಟ್ರಾ?"

"ಪೇಷೆಂಟು ಮೇಡಂ. ಎಲ್ರೂ ಹಂಗೇ ಬರೀತಾರಲ್ಲ."

"ಆ ಯಪ್ಪ ನಿನ್ನೆದುರಿಗೇ ಕೂತವ್ನೆ. ಅವನಿಗೆ ಹೆಸ್ರಿದೆ. ಕೇಳಿ ಬರಿ."

ಎದುರಿಗೆ ನಿಟ್ಟೂರಿನ ಗ್ಯಾರೇಜೊಂದರ ಮೆಕ್ಯಾನಿಕ್ ಕೂತಿದ್ದ. ತನ್ನ ಹೆಸರನ್ನು ಅವನು ಎದ್ದು ನಿಂತು ಹೇಳಿದ.

ಅವರಿಗೆ ಬಿಡಿ ಅಕ್ಷರಗಳ ಮೇಲೆ ದ್ವೇಷವಿತ್ತು ಎಂದರೆ ತಪ್ಪಾಗುತ್ತದೆ. ಬಿ.ಪಿ.ಗೆ, ಇ.ಸಿ.ಜಿ.ಗೆ ರಿಯಾಯಿತಿ ಇತ್ತು. "ಬಿ.ಪಿ. ಅಂದ್ರೆ ಗುಬ್ಬಿ ಸಂತೇಲಿ ಸೊಪ್ಪು ಮಾರೋಳಿಗೂ ಗೊತ್ತು. ಅದನ್ನ ಬಿಡಿಸಿ ಬರೆದ್ರೆ ನಗ್ತಾರೆ." ಒಂದೇ ಹೆಸರು ಪುಟದ ತುಂಬ ಹತ್ತು ಸಲ ಬರುವುದಾದರೆ ಚಿಕ್ಕದು ಮಾಡಬಹುದು, ಆದರೆ ಮೊದಲ ಸಲ ಪೂರ್ತಿ ಬರೆದ ಮೇಲೆ. "ಹೊಸಬ್ರು ಮನೆಗೆ ಬಂದಾಗ ಮೊದ್ಲು ಪೂರ್ತಿ ಹೆಸ್ರು ಹೇಳಿ ಪರಿಚಯ ಮಾಡಿಸ್ತೀವೋ ಇಲ್ವೋ? ಆಮೇಲೆ ಪಪ್ಪು ಅನ್ನು, ಗುಂಡ ಅನ್ನು." ಎರಡು ದಾರಿಗೆ ಹೋಗುವ ಅಕ್ಷರಗಳಿಗೆ ಮಾತ್ರ ಕ್ಲಿನಿಕ್ಕಿನೊಳಗೆ ಪ್ರವೇಶವೇ ಇರಲಿಲ್ಲ. ಎಂ.ಎಸ್. ಎಂದರೆ ಹೃದಯದ ಕವಾಟ ಕಿರಿದಾದದ್ದೋ, ನರಗಳ ಕಾಯಿಲೆಯೋ? ಓ.ಡಿ. ಅಂದರೆ ಅವರ ವಿವರಣೆ ಹೀಗಿತ್ತು: "ನಮ್ಮತ್ರ ದಿನಕ್ಕೊಂದ್ಸಲ. ಕಣ್ಣಿನ ಡಾಕ್ಟ್ರತ್ರ ಬಲಗಣ್ಣು. ತುರ್ತು ವಾರ್ಡಲ್ಲಿ ಮಾತ್ರೆ ಜಾಸ್ತಿ ನುಂಗಿ ಬಂದೋನು. ಒಂದೇ ಚೀಟಿ ಮೂರು ಕಡೆ ಹೋದ್ರೆ ಮೂರು ಮನುಷ್ಯ."

ಡಿ.ಸಿ. ವಿಷಯದಲ್ಲಂತೂ ಕ್ಲಿನಿಕ್ಕೇ ನಕ್ಕಿತ್ತು. ತುಮಕೂರಿನ ಯಾವುದೋ ಆಸ್ಪತ್ರೆಯಿಂದ ಬಂದ ಕಾಗದದಲ್ಲಿ ಒಂದು ಮಾತ್ರೆಯ ಹೆಸರಿನ ಮುಂದೆ ಡಿ.ಸಿ. ಎಂದಿತ್ತು. ನಿಲ್ಲಿಸಿ ಎಂದೋ, ಬಿಡುಗಡೆಯಾಗುವಾಗ ಕೊಟ್ಟು ಕಳಿಸಿ ಎಂದೋ ತಿಳಿಯದೆ ಡಾಕ್ಟ್ರಮ್ಮ ಅದನ್ನು ಗಟ್ಟಿಯಾಗಿ ಓದಿದರು. ರೋಗಿಯ ತಂದೆ ಗಾಬರಿಯಾಗಿ, "ಡಿ.ಸಿ. ಸಾಹೇಬ್ರವರ್ಗೂ ಹೋಯ್ತಾ ತಾಯಿ, ನನ್ ಮಗನ್ ಮಾತ್ರೆ?" ಅಂದ. ಬೆಂಚಿನ ಮೇಲಿದ್ದವರೆಲ್ಲ ನಕ್ಕರು. ಡಾಕ್ಟ್ರಮ್ಮ ನಗುತ್ತಲೇ ಫೋನ್ ಎತ್ತಿಕೊಂಡರು. ಅರ್ಥವಾಗದ್ದನ್ನು ಊಹಿಸುವಂತಿಲ್ಲ, ಬರೆದವರನ್ನೇ ಕೇಳಬೇಕು. ಅಲ್ಲಿಯವರು ಫೋನ್ ಎತ್ತುವ ತನಕ, ಕೈಯಿಂದ ಕೈಗೆ ದಾಟಿ ಬರೆದವನು ಸಿಗುವ ತನಕ, ಬೆಂಚಿನ ಮೇಲಿನ ಜನ ಆಕಳಿಸುತ್ತ ಕೂತರು. ನಾನೂ ಆಕಳಿಸಿದೆ. ನಮ್ಮ ಗಾಡಿ ಅವತ್ತು ತಪ್ಪಿತು.

ಬಸ್ಸಿನಲ್ಲಿ ನಿಂತುಕೊಂಡು ಬರುತ್ತ ನಾನು ಸಿಡುಕಿದೆ. "ಇಷ್ಟೆಲ್ಲಾ ಯಾಕೆ ಮೇಡಂ? ಅವ್ರೂ ಡಾಕ್ಟ್ರೇ. ಅವ್ರಿಗೆ ಗೊತ್ತಾಗುತ್ತೆ."

ಕಂಬಿಗೆ ಜೋತುಬಿದ್ದಿದ್ದ ಅವರು ಕಣ್ಣು ಮುಚ್ಚಿಕೊಂಡೇ ಹೇಳಿದರು: "ಎದುರಿಗೆ ಕೂತಿದ್ರೆ ಅರ್ಧ ಮಾತಾಡಿದ್ರೂ ನಡೆಯುತ್ತೆ ಕಣಮ್ಮ. ಅರ್ಥ ಆಗ್ಲಿಲ್ಲ ಅಂದ್ರೆ ಕೇಳ್ತಾರೆ. ಈ ಚೀಟಿ ಹೋದ ಕಡೆ ನಾನು ಹೋಗಲ್ಲ."

ಈ ಮಾತನ್ನು ಅವರು ಆವತ್ತು ಬಸ್ಸಿನಲ್ಲೇ ಹೇಳಿದರಾ ಅಂತ ನನಗೆ ಖಾತ್ರಿ ಇಲ್ಲ. ಹಲವು ಸಲ ಹೇಳಿದ್ದಾರೆ. ಬಸ್ಸಿನ ಕಂಬಿ ಈ ಮಾತಿಗೆ ಚೆನ್ನಾಗಿ ಒಪ್ಪುತ್ತದೆ ಅಂತ ನಾನೇ ಅಲ್ಲಿ ತಗಲಿಸಿರಬಹುದು.

ಈ ಅಭ್ಯಾಸ ಎಲ್ಲಿಂದ ಬಂತು ಅಂತ ಕೇಳಿದ್ದೆ. ಒಂದು ಸಲ ಕುಣಿಗಲ್ಲಿನಲ್ಲಿದ್ದಾಗ ತಾವೇ ಬರೆದ ಒಂದು ಚೀಟಿಯ ಕತೆ ಹೇಳಿದರು, ಬೆಂಗಳೂರಿನಲ್ಲಿ ಅದನ್ನು ಬೇರೆ ಥರ ಓದಿಕೊಂಡರು ಅಂತ. ಇನ್ನೊಂದು ಸಲ ಅದು ತಮ್ಮದಲ್ಲ, ಜೊತೆಯವರ ಚೀಟಿ ಅಂದರು. ಮೂರನೆಯ ಸಲ ನಾನು ಸರಿಯಾಗಿ ಹಿಡಿದುಕೊಂಡೆ. "ಆ ಪೇಷೆಂಟ್ ತೀರ್ಕೊಂಡ್ರಾ?"

ಡಾಕ್ಟ್ರಮ್ಮ ನನ್ನ ಕಡೆ ತಿರುಗಿದರು. "ಸಾಯ್ಲೇಬೇಕಾ? ನೀವು ಕತೆ ಪಾಠ ಮಾಡೋರು, ಯಾರಾದ್ರೂ ಸತ್ರೇನೇ ನಂಬ್ತೀರ. ಏನೂ ಆಗ್ಲಿಲ್ಲ ಹೋಗು. ಸುಮ್ನೆ ನಂಗೆ ಬೇಜಾರಾಯ್ತು, ಅವತ್ತಿಂದ ಬಿಡಿಸಿ ಬರೀತೀನಿ."

ಯಾವುದು ನಿಜವೋ ತಿಳಿಯದು.

ಅವರ ತಂಗಿಯ ಮಗನೂ ಡಾಕ್ಟರು. ಉಪ್ಪಾರಹಳ್ಳಿಯ ಮನೆಯ ಮಹಡಿಯಲ್ಲಿ ಹೆಂಡತಿಯ ಜೊತೆ ಇದ್ದರು. ಒಳ್ಳೆಯ ಮನುಷ್ಯ, ಕೈ ಚುರುಕು, ಯಾವಾಗಲೂ ಅವಸರ. ಖಾಲಾಳ, ಅಂದರೆ ದೊಡ್ಡಮ್ಮನ, ಬೆರಳು ಕಂಡು ಅವರಿಗೆ ನಿಜವಾಗಿಯೂ ಸಂಕಟ. ಗುಬ್ಬಿಗೆ ಬಂದಾಗಲೆಲ್ಲ ಮೊಬೈಲ್ ತೆಗೆದು ತೋರಿಸುತ್ತಿದ್ದರು.

"ಖಾಲಾ, ಇದ್ರಲ್ಲಿ ಎಲ್ಲಾ ರೆಡಿ ಇದೆ. ಟಿಕ್ ಮಾಡ್ತಾ ಹೋದ್ರೆ ಚೀಟಿ ತಾನೇ ತಯಾರಾಗುತ್ತೆ. ನೋಡಿ, ಎನ್.ಎ.ಡಿ. ಟಿಕ್, ಎನ್.ಕೆ.ಡಿ.ಎ. ಟಿಕ್, ಆಯ್ತು."

"ಎನ್.ಎ.ಡಿ. ಅಂದ್ರೆ ಪರೀಕ್ಷೆ ಮಾಡ್ದೆ, ಏನೂ ಕಾಣ್ಲಿಲ್ಲ ಅಂತಾನೋ, ಪರೀಕ್ಷೇನೇ ಮಾಡ್ಲಿಲ್ಲ ಅಂತಾನೋ?"

"ಖಾಲಾ!"

"ಬೈಬೇಡ. ಕೇಳ್ತಾ ಇದೀನಿ ಅಷ್ಟೆ."

"ಹಂಗಾದ್ರೆ ಕ್ಲಿನಿಕ್ ನಿಲ್ಸಿ. ಈ ಕೈ ಇಟ್ಕೊಂಡು ಎಷ್ಟು ದಿನ ಎಳೀತೀರ? ಅಲ್ಲಿ ಜನ ಕಾಯ್ತಾರೆ, ಕಾದು ಕಾದು ಪಕ್ಕದ ಬೀದಿ ಡಾಕ್ಟ್ರತ್ರ ಹೋಗ್ತಾರೆ."

ಅದು ನಿಜ. ಹೋಗುತ್ತಿದ್ದರು. ಬೆಂಚು ಬರಬರುತ್ತ ಖಾಲಿಯಾಗುತ್ತಿತ್ತು. ಒಂದು ಕಾಗದಕ್ಕೆ ಇಷ್ಟು ಹೊತ್ತು ಹಿಡಿಯುವ ಡಾಕ್ಟರ ಹತ್ತಿರ ನೆಗಡಿ ಕೆಮ್ಮಿನವರು ಯಾಕೆ ಬರುತ್ತಾರೆ? ಡಾಕ್ಟ್ರಮ್ಮ ಬೆರಳನ್ನು ಮುಷ್ಟಿಯಲ್ಲಿ ಮುಚ್ಚಿಕೊಂಡು ಹೇಳಿದ್ದು ನನಗೆ ಚೆನ್ನಾಗಿ ನೆನಪಿದೆ, ಇದರಲ್ಲಿ ನನಗೆ ಅನುಮಾನವಿಲ್ಲ: "ಕೈ ನಿಂತ್ರೆ ನಿಲ್ಲಲಿ. ಕ್ಲಿನಿಕ್ ಮುಚ್ಚಿದ್ರೆ ಮುಚ್ಚಲಿ. ಇರೋಷ್ಟು ದಿನ ನನ್ ಹತ್ರಿಂದ ಯಾರ ಜೊತೆಗೂ ಅರ್ಧಂಬರ್ಧ ಚೀಟಿ ಹೋಗ್ಬಾರ್ದು."

ತಂಗಿಯ ಮಗ ನನ್ನ ಕಡೆ ತಿರುಗಿ, "ಮೇಡಂ, ನೀವಾದ್ರೂ ಹೇಳಿ," ಅಂದರು. ನಾನು ಅರ್ಧ ಬರೆದ ಕಾಗದದ ಮೇಲೆ ಬಗ್ಗಿದೆ. ಒಳಗೊಳಗೆ ತಂಗಿಯ ಮಗನ ಪಕ್ಷವೇ ನನ್ನದು. ಇಡೀ ದಿನ ತರಗತಿಯಲ್ಲಿ ನಿಂತು ಬಂದು ಮತ್ತೆ ಪುಟಗಟ್ಟಲೆ ಬರೆಯುವವಳು ನಾನು ತಾನೇ.

ಬರೆದ ಮೇಲೆ ಇನ್ನೊಂದು ಶಾಸ್ತ್ರವಿತ್ತು. ಚೀಟಿಯನ್ನು ಮಡಚುವ ಮೊದಲು ಅದನ್ನು ತೆಗೆದುಕೊಂಡು ಹೋಗುವವರಿಗೆ ಕನ್ನಡದಲ್ಲಿ ಓದಿ ಹೇಳಬೇಕು. ಒಂದೊಂದು ವಾಕ್ಯಕ್ಕೂ ನಿಲ್ಲಿಸಿ, "ಸರಿನಾ?" ಅಂತ ಕೇಳಬೇಕು. ನಡುವೆ ಬಿಡಿ ಅಕ್ಷರ ಬಂದರೆ ಅದನ್ನು ಕನ್ನಡದಲ್ಲಿ ಓದುವುದು ಹೇಗೆ? ಅದಕ್ಕೇ ಪೂರ್ತಿ ಬರೆಸುತ್ತಿದ್ದರೋ, ಪೂರ್ತಿ ಬರೆಸಿದ್ದಕ್ಕೆ ಓದಿಸುತ್ತಿದ್ದರೋ, ನನಗೆ ಬಿಡಿಸಿ ಹೇಳಲಾಗದು. ಎರಡೂ ಒಂದರೊಳಗೊಂದು ಹೆಣೆದುಕೊಂಡಿದ್ದವು. ಕೊನೆಯಲ್ಲಿ ಅವರ ಸಹಿ, ಅದರ ಕೆಳಗೆ ಅವರ ಮೊಬೈಲ್ ನಂಬರು, "ಸಂದೇಹವಿದ್ದರೆ ದಯವಿಟ್ಟು ಕೇಳಿ" ಎಂಬ ಅರ್ಥದ ಒಂದು ಸಾಲು. ಆ ಸಾಲೂ ನಂಬರೂ ನನ್ನ ಕೈಗೆ ಎಷ್ಟು ರೂಢಿಯಾಗಿದ್ದವೆಂದರೆ ಬರೆಯುವಾಗ ಕಣ್ಣು ಬೇಕಾಗುತ್ತಿರಲಿಲ್ಲ.

ಹಾಗಲವಾಡಿ ಕಡೆಯ ಆ ಹುಡುಗಿ ಬಂದ ದಿನದ ಬಗ್ಗೆ ನಾನು ಬಹಳ ಜನಕ್ಕೆ ಹೇಳಿದ್ದೇನೆ. ಹೇಳುತ್ತ ಹೇಳುತ್ತ ಅವಳ ಸೀರೆಗೆ ಹಸಿರು ಬಣ್ಣ ಬಂದುಬಿಟ್ಟಿದೆ. ನಿಜಕ್ಕೂ ಹಸಿರಾಗಿತ್ತೋ ಗೊತ್ತಿಲ್ಲ. ಬಸುರಿ. ಮೆಟ್ಟಿಲು ಹತ್ತಿ ಬಂದವಳು ಬೆಂಚಿನ ಮೇಲೆ ಕೂರದೆ ಗೋಡೆ ಹಿಡಿದು ನಿಂತು ಉಸಿರು ಎಳೆದುಕೊಳ್ಳುತ್ತಿದ್ದಳು. ಜೊತೆಗೆ ಅತ್ತೆ. ಡಾಕ್ಟ್ರಮ್ಮ ಎದೆಗೆ ಸ್ಟೆತಾಸ್ಕೋಪ್ ಇಟ್ಟು ತುಂಬ ಹೊತ್ತು ಕೇಳಿದರು. ಹುಡುಗಿಯ ಹೃದಯದ ಒಂದು ಕವಾಟ ಕಿರಿದಾಗಿದೆ ಅನ್ನಿಸುತ್ತದೆ, ಇವತ್ತೇ ತುಮಕೂರಿಗೆ ಹೋಗಬೇಕು, ತಡ ಮಾಡಿದರೆ ತಾಯಿಗೂ ಮಗುವಿಗೂ ಕಷ್ಟ ಎಂದರು. ಅತ್ತೆ ಆಗಲೇ ಆಟೋದವನಿಗೆ ಕೂಗಿ ಹೇಳಿದ್ದಳು.

ಪ್ರಶ್ನೆಗಳಿಗೆಲ್ಲ ಉತ್ತರ ಕೊಟ್ಟವಳೂ ಅತ್ತೆಯೇ.

"ಯಾವ್ದಾದ್ರೂ ಮಾತ್ರೆ, ಇಂಜೆಕ್ಷನ್ ಆಗದೆ ಬಂದಿದ್ಯಾ?"

"ಏನೂ ಇಲ್ಲ ಬುಡಿ. ಗಟ್ಟಿ ಹೆಣ್ಣು."

"ಚಿಕ್ಕೋಳಿದ್ದಾಗ?"

"ಇಲ್ಲ ಅಂತೀನಲ್ಲ ಡಾಕ್ಟ್ರಮ್ಮ. ಬೇಗ ಬರ್ಸಿ, ಆಟೋದವ್ನು ಹೊಂಟೋಯ್ತಾನೆ."

ನಾನು ಬರೆದೆ. ಬೇರೆಯವರಾದರೆ ಇಲ್ಲಿ ನಾಲ್ಕು ಅಕ್ಷರ ಹಾಕುತ್ತಾರೆ, ಎನ್.ಕೆ.ಡಿ.ಎ., ಔಷಧಿ ಒಗ್ಗದಿರುವಿಕೆ ಯಾವುದೂ ತಿಳಿದಿಲ್ಲ ಅಂತ. ನಾನು ಉದ್ದಕ್ಕೆ ಬರೆದು, ಎದ್ದು ನಿಂತು ಕನ್ನಡದಲ್ಲಿ ಓದತೊಡಗಿದೆ. ಅತ್ತೆ ಚೀಲವನ್ನು ಹೆಗಲಿಗೇರಿಸಿಕೊಂಡು ಬಾಗಿಲಲ್ಲಿ ನಿಂತಿದ್ದಳು. "ಓದಿ ಏನಾಗ್ಬೇಕವ್ವ ನಮಗೆ, ಅವ್ರು ಓದ್ಕತಾರೆ," ಅಂದಳು. ಡಾಕ್ಟ್ರಮ್ಮ, "ಓದು," ಅಂದರು. ಉಸಿರಾಟದ ವಾಕ್ಯ, ಸರಿನಾ? ಸರಿ. ಬಸಿರಿನ ವಾಕ್ಯ, ಸರಿನಾ? ಸರಿ. ಆಮೇಲೆ, "ಈಕೆಗೆ ಇದುವರೆಗೆ ಯಾವ ಔಷಧಿಯೂ ಇಂಜೆಕ್ಷನ್ನೂ ಒಗ್ಗದೆ ಬಂದದ್ದಿಲ್ಲ. ಸರಿನಾ?"

ಹುಡುಗಿ ಗೋಡೆಯನ್ನು ನೋಡುತ್ತ ಅಂದಳು: "ಅದು ಹಂಗಲ್ಲ."

ಅತ್ತೆ ತಿರುಗಿದಳು. "ಏನ್ ಹಂಗಲ್ಲ?"

"ಚಿಕ್ಕೋಳಿದ್ದಾಗ ಕೀಲು ಊದ್ಕೊಂಡು ಜರ ಬರ್ತಿತ್ತು. ತಿಂಗ್ಳಿಗೊಂದ್ಸತಿ ಸೂಜಿ ಹಾಕ್ಸೋರು. ಒಂದ್ಸತಿ ಹಾಕಿದ್ದೇ ಮೈಯೆಲ್ಲ ದದ್ದೆದ್ದು ಉಸುರು ಕಟ್ಕಂಡ್ತು. ಸತ್ತೇ ಹೋದೆ ಅಂತ ನಮ್ಮವ್ವ ಕಿರುಚ್ಕಂಡ್ತು. ಆಮೇಲೆ ಕರ್ಕೊಂಡೋಗೋದೇ ಬುಟ್ಬುಟ್ರು."

ಡಾಕ್ಟ್ರಮ್ಮ ಕುರ್ಚಿಯಿಂದ ಎದ್ದರು. ಆ ಕೀಲುಜ್ವರವೇ ಕವಾಟವನ್ನು ಕೆಡಿಸಿದ್ದು, ಆ ಸೂಜಿ ಪೆನ್ಸಿಲಿನ್ ಇರಬೇಕು, ತುಮಕೂರಿನಲ್ಲೂ ಮೊದಲು ಅದನ್ನೇ ಕೊಡುವ ಸಂಭವ ಎಂದು ನನಗೆ ಆಮೇಲೆ ಬಿಡಿಸಿ ಹೇಳಿದರು. ಆ ಹೊತ್ತಿಗೆ ಮಾತ್ರ ಅತ್ತೆಯ ದನಿಯೇ ಕೋಣೆಯ ತುಂಬ.

"ಮದ್ವೆಗ್ ಮುಂಚೆ ನಿಮ್ಮಪ್ಪ ಇದ್ನ್ಯಾಕೆ ಬಾಯ್ಬುಡ್ನಿಲ್ಲ? ರೋಗದ ಹೆಣ್ಣ ನಮ್ ತಲೆಗ್ ಕಟ್ಟುದ್ನಾ?"

"ಈಗ ಹೇಳ್ತಾಳಲ್ಲಮ್ಮ, ಸಾಕು ಬಿಡು," ಡಾಕ್ಟ್ರಮ್ಮ ಹೇಳಿದರು. "ಬೈಯೋದಿದ್ರೆ ಹೆರಿಗೆ ಆದ್ಮೇಲೆ ಬೈ. ಆಗ ನಾನೂ ಬಂದು ಕೇಳ್ತೀನಿ." ಹುಡುಗಿಯ ಕಡೆ ತಿರುಗಿ, "ನಾನು ಕೇಳ್ದಾಗ ಯಾಕಮ್ಮ ಹೇಳ್ಲಿಲ್ಲ?" ಅಂದರು. ಗದರಿಸಿದ ಹಾಗಿರಲಿಲ್ಲ.

"ಆಗ ಬರೀ ಮಾತಲ್ವಾ. ಈಗ ಪೇಪರಲ್ಲಿ ಬರ್ದವ್ರೆ."

ಕಾಗದ ಹರಿದು ಹೊಸದಾಗಿ ಬರೆದೆ. ಆಟೋದವನು ಹೊರಟುಹೋಗಿದ್ದ, ಬೇರೆ ಗಾಡಿ ಹಿಡಿದರು.

ಇದು ನೀಟಾದ ಕತೆ. ನೀಟಾಗಿರುವುದಕ್ಕೇ ನನಗೆ ಇರಿಸುಮುರಿಸು. ಆ ಸಂಜೆ ರೈಲಿನಲ್ಲಿ ನಾನು ಉತ್ಸಾಹದಿಂದ, "ನಿಮ್ಮ ಚೀಟಿ ಒಂದು ಜೀವ ಉಳಿಸ್ತು," ಅಂದಾಗ ಡಾಕ್ಟ್ರಮ್ಮ ಕಿಟಕಿಯ ಹೊರಗೆ ನೋಡುತ್ತ, "ಅಲ್ಲೂ ಕೇಳ್ತಿದ್ರೇನೋ. ಅಲ್ಲಿ ಹೇಳ್ತಿದ್ಲೇನೋ. ಯಾರಿಗ್ ಗೊತ್ತು?" ಅಂದರು. ತಿಂಗಳುಗಳಾದ ಮೇಲೆ ಆ ಅತ್ತೆ ಒಬ್ಬಳೇ ಕ್ಲಿನಿಕ್ಕಿಗೆ ಬಂದಳು. ನಾನು ಕಾತರದಿಂದ ಸೊಸೆಯ ವಿಷಯ ಕೇಳಿದೆ. "ಅವ್ಳಾ? ಚೆನ್ನಾಗವ್ಳೆ. ತವರಲ್ಲವ್ಳೆ. ನನ್ ಮಂಡಿ ನೋಡ್ಸಿ ಮೊದ್ಲು," ಅಂದಳು. ಮಗು? ಅಷ್ಟರಲ್ಲಿ ಅವಳು ಮಂಡಿ ತೋರಿಸಲು ಒಳಗೆ ಹೋಗಿಯಾಗಿತ್ತು.

ಬದಲಾದದ್ದು ಒಂದು ವಾಕ್ಯ. ಅವತ್ತಿನಿಂದ ಡಾಕ್ಟ್ರಮ್ಮ "ಯಾವುದೂ ಇಲ್ಲ" ಅಂತ ಬರೆಸುವುದನ್ನು ಬಿಟ್ಟರು. ಯಾರು ಹೇಳಿದ್ದು ಅಂತ ಬರೆಸತೊಡಗಿದರು. ಇಲ್ಲವೆಂದು ರೋಗಿ ಹೇಳುತ್ತಾರೆ. ಇಲ್ಲವೆಂದು ಗಂಡ ಹೇಳುತ್ತಾರೆ. ಪ್ರಜ್ಞೆ ಇಲ್ಲದವರಾದರೆ, ಕೇಳಲಾಗಲಿಲ್ಲ. "ಇಲ್ಲ ಅನ್ನೋದೇ ಬೇರೆ, ಕೇಳಿಲ್ಲ ಅನ್ನೋದೇ ಬೇರೆ," ಅಂದರು. "ಆ ನಾಲ್ಕಕ್ಷರ ಎರಡನ್ನೂ ಮುಚ್ಚಾಕುತ್ತೆ." ವಾಕ್ಯ ಇನ್ನೂ ಉದ್ದವಾಯಿತು. ನನ್ನ ಬೆರಳೂ ನೋಯತೊಡಗಿತು. ದೂರಿದರೆ ಹತ್ತಿಯ ಉಂಡೆಯನ್ನೂ ಪ್ಲಾಸ್ಟರನ್ನೂ ನನ್ನ ಕಡೆ ತಳ್ಳಿ, "ಸುತ್ಕೋ," ಅನ್ನುತ್ತಿದ್ದರು. ತಮಗೂ ಸಾಕಾಗಿದೆ ಎಂಬುದನ್ನು ಅವರು ಮುಚ್ಚಿಡುತ್ತಿರಲಿಲ್ಲ. ಪ್ರತಿ ಸಂಜೆ ಹೇಳುತ್ತಿದ್ದರು: "ಸಾಕಾಗೋಯ್ತು ಕಣಮ್ಮ." ಆಮೇಲೆ: "ಬರಿ. ಇನ್ನೊಂದಿದೆ."

ಭಾನುವಾರ ನಾನು ಉಪ್ಪಾರಹಳ್ಳಿಯ ಅವರ ಮನೆಗೆ ಹೋಗುವುದು ರೂಢಿಯಾಗಿತ್ತು. ಕೆಲಸವೇನೂ ಇರುತ್ತಿರಲಿಲ್ಲ. ಇಬ್ಬರೂ ಎದುರುಬದುರು ಕುರ್ಚಿಯಲ್ಲಿ ಕೂತು ಚಹಾ ಕುಡಿದು, ವಾರದ ಸುಸ್ತನ್ನು ಮಾತಿಲ್ಲದೆ ಕಳೆಯುತ್ತಿದ್ದೆವು. ಅಂಥದೊಂದು ಬೆಳಿಗ್ಗೆ ಲೋಟವನ್ನು ಕೆಳಗಿಡಲು ಬಗ್ಗಿದ ಡಾಕ್ಟ್ರಮ್ಮ ಮೇಲೇಳಲಿಲ್ಲ. ಲೋಟ ಉರುಳಿತು. ಬಾಯಿ ಒಂದು ಪಕ್ಕಕ್ಕೆ ಜಾರಿತ್ತು. ಕಣ್ಣು ತೆರೆದೇ ಇತ್ತು.

ನನ್ನ ಕೂಗಿಗೆ ತಂಗಿಯ ಮಗ ಮಹಡಿಯಿಂದ ಓಡಿ ಬಂದರು. ಅವರನ್ನು ಹಾಸಿಗೆಗೆ ಎತ್ತಿದೆವು. ನಾಡಿ ನೋಡಿದರು, ಕಣ್ಣಿಗೆ ಟಾರ್ಚ್ ಬಿಟ್ಟರು, ಆಂಬುಲೆನ್ಸಿಗೆ ಹೇಳಿದರು, ಬೆಂಗಳೂರಿನ ಆಸ್ಪತ್ರೆಗೆ ಫೋನ್ ಮಾಡಿದರು. ಎಲ್ಲವನ್ನೂ ಸರಿಯಾಗಿಯೇ ಮಾಡಿದರು. ಆಂಬುಲೆನ್ಸ್ ದಾರಿಯಲ್ಲಿದೆ ಅಂದ ಮೇಲೆ ಪ್ಯಾಡ್ ಎಳೆದುಕೊಂಡು ಚೀಟಿ ಬರೆದರು. ಅವಸರದಲ್ಲಿ ನಾಲ್ಕು ಸಾಲು. ನಾನು ಬಗ್ಗಿ ನೋಡಿದೆ. ಸಿ.ವಿ.ಎ., ಎಲ್.ಓ.ಸಿ., ಎನ್.ಕೆ.ಡಿ.ಎ.

"ಸರ್, ಗಾಡಿ ಬರೋವರ್ಗೂ ನಾನು ಬರೀಲಾ? ನೀವು ಹೇಳಿ," ಅಂದೆ.

"ಮೇಡಂ, ಈಗ್ಲಾ? ಅವ್ರಿಗೆ ಅರ್ಥ ಆಗುತ್ತೆ."

ನಾನು ಹಾಸಿಗೆಯ ಕಡೆ ನೋಡಿದೆ. ಅವರೂ ನೋಡಿದರು. ಪ್ಯಾಡನ್ನು ನನ್ನ ಕಡೆ ತಳ್ಳಿದರು.

ಕಿಟಕಿಯ ಕಟ್ಟೆಯ ಮೇಲೆ ಆ ದಪ್ಪ ಪೆನ್ನಿತ್ತು. ಅದನ್ನೇ ಎತ್ತಿಕೊಂಡೆ. ತಂಗಿಯ ಮಗ ಖಾಲಾಳ ಕೈ ಹಿಡಿದುಕೊಂಡು ಒಂದೊಂದೇ ಹೇಳಿದರು, ನಾನು ಇಂಗ್ಲಿಷಿನಲ್ಲಿ ಬಿಡಿಸಿ ಬರೆದೆ. ಸಿ.ವಿ.ಎ. ಅಂದರೆ ಪಾರ್ಶ್ವವಾಯು ಅಂತ, ಎಷ್ಟು ಹೊತ್ತಿಗೆ ಆಯಿತು, ನಾನು ಏನು ಕಂಡೆ, ಯಾವ ಕೈಗೆ ಬಲವಿಲ್ಲ, ಯಾವ ಮಾತ್ರೆ ನುಂಗುತ್ತಿದ್ದರು. ಎಲ್.ಓ.ಸಿ. ಎಂಬಲ್ಲಿ, "ಪ್ರಜ್ಞೆ ತಪ್ಪಿದೆ ಅಂತ ಬರೀಲಾ, ಪ್ರಜ್ಞೆಯ ಮಟ್ಟ ಇಷ್ಟಿದೆ ಅಂತ ಬರೀಲಾ?" ಅಂದೆ. ಅವರು ಮತ್ತೆ ಖಾಲಾಳ ಕಿವಿಯ ಹತ್ತಿರ ಬಗ್ಗಿ ಕರೆದರು. ಕಣ್ಣು ಅವರ ಕಡೆ ತಿರುಗಿತು. "ಕರೆದರೆ ಕಣ್ಣು ತಿರುಗಿಸ್ತಾರೆ, ಮಾತಾಡಲ್ಲ. ಹಂಗೇ ಬರೀರಿ."

ಕೊನೆಗೆ ಆ ನಾಲ್ಕು ಅಕ್ಷರ.

"ಖಾಲಾಗೆ ಯಾವ್ದೂ ಅಲರ್ಜಿ ಇಲ್ಲ," ಅಂದರು.

"ಕೇಳಿದ್ರಾ ಸರ್, ಯಾವತ್ತಾದ್ರೂ?"

ಅವರು ಹುಟ್ಟಿದಂದಿನಿಂದ ಖಾಲಾಳ ತೊಡೆಯ ಮೇಲೆ ಬೆಳೆದವರು. ನಾನು ವರ್ಷಗಟ್ಟಲೆ ಅವರ ಕೈಯಾಗಿದ್ದವಳು. ಇಬ್ಬರೂ ಅವರ ಮುಖ ನೋಡಿದೆವು. ಎಲ್ಲರನ್ನೂ ಕೇಳಿದವರನ್ನು ಯಾರೂ ಕೇಳಿರಲಿಲ್ಲ.

ಹಾಸಿಗೆಯ ಪಕ್ಕ ಮಂಡಿಯೂರಿ ನಾನು ಕನ್ನಡದಲ್ಲಿ ಓದಿದೆ, ಶಾಸ್ತ್ರದ ಪ್ರಕಾರ, ಒಂದೊಂದು ವಾಕ್ಯಕ್ಕೂ ನಿಲ್ಲಿಸಿ. ಸರಿನಾ? ಸರಿನಾ? ಔಷಧಿಯ ವಾಕ್ಯ ಬಂದಾಗ ಅವರ ಹೆಬ್ಬೆರಳು ಅಲ್ಲಾಡಿತು ಅಂತ ತಂಗಿಯ ಮಗ ಈಗಲೂ ಹೇಳುತ್ತಾರೆ. ನನಗೆ ಕಾಣಲಿಲ್ಲ. ಅಥವಾ ಕಂಡಿತು, ಅದಕ್ಕೆ ಅರ್ಥವಿತ್ತೋ ಇಲ್ಲವೋ ತಿಳಿಯಲಿಲ್ಲ. ಹೊರಗೆ ಆಂಬುಲೆನ್ಸ್ ಸದ್ದು ಕೇಳಿಸಿತು. ಔಷಧಿ ಒಗ್ಗದಿರುವಿಕೆಯ ಬಗ್ಗೆ ರೋಗಿಯನ್ನು ಕೇಳಲಾಗಲಿಲ್ಲ, ಮನೆಯವರಿಗೆ ತಿಳಿಯದು ಅಂತ ಬರೆದು, ಕೆಳಗೆ ಆ ರೂಢಿಯ ಸಾಲು ಬರೆದೆ. ತಂಗಿಯ ಮಗ ಸಹಿ ಹಾಕಿ ಚೀಟಿಯನ್ನು ಜೇಬಿಗೆ ತುರುಕಿಕೊಂಡು ಹತ್ತಿದರು. ಗಾಡಿ ಹೊರಟಿತು.

ಮೊದಲ ಸಲ ಚೀಟಿ ಹೋದ ಕಡೆ ಡಾಕ್ಟ್ರಮ್ಮನೂ ಹೋದರು.

ತಂಗಿಯ ಮಗನ ಹೆಂಡತಿಯೂ ನಾನೂ ಚೆಲ್ಲಿದ್ದ ಚಹಾ ಒರೆಸಿದೆವು. ಆಮೇಲೆ ಮಾಡಲು ಏನೂ ಇರಲಿಲ್ಲ. ಮಧ್ಯಾಹ್ನ ಕಿಟಕಿಯ ಕಟ್ಟೆಯ ಮೇಲಿದ್ದ ಡಾಕ್ಟ್ರಮ್ಮನ ಮೊಬೈಲ್ ಹೊಡೆದುಕೊಂಡಿತು. ಗುಬ್ಬಿಯ ಯಾರೋ ರೋಗಿ ಇರಬೇಕು ಅಂತ ಎತ್ತಿದೆ.

"ಡಾಕ್ಟರ್ ಇದಾರಾ?" ಒಬ್ಬ ಹುಡುಗಿಯ ದನಿ, ಸುಸ್ತಾದ ದನಿ. "ತುರ್ತು ವಾರ್ಡಿಂದ ಮಾತಾಡ್ತಾ ಇದೀನಿ. ತುಮಕೂರಿಂದ ಒಂದು ಪೇಷೆಂಟ್ ಬಂದಿದಾರೆ, ಜೊತೆಗೆ ಬಂದವ್ರು ಸ್ಕ್ಯಾನಿಗೆ ದುಡ್ಡು ಕಟ್ಟೋಕೆ ಹೋಗಿದಾರೆ. ಲೆಟರ್ ಕೆಳಗೆ ಈ ನಂಬರ್ ಇದೆ, ಸಂದೇಹ ಇದ್ರೆ ಕೇಳಿ ಅಂತ."

ಆಗ ತಿಳಿಯಿತು. ಕೈಯ ರೂಢಿಗೆ ನಾನು ಬರೆದಿದ್ದ ನಂಬರು ತಂಗಿಯ ಮಗನದಲ್ಲ, ನನ್ನದೂ ಅಲ್ಲ.

"ಬರೆದೋಳು ನಾನೇ. ಹೇಳಿ."

"ಇಲ್ಲಿ ಔಷಧಿ ಬಗ್ಗೆ, ಪೇಷೆಂಟನ್ನ ಕೇಳಲಾಗಲಿಲ್ಲ ಅಂತ ಇದೆ. ಅಂದ್ರೆ ಏನು?"

"ಅಂದ್ರೆ ಕೇಳಕ್ಕಾಗ್ಲಿಲ್ಲ ಅಂತ."

ಅವಳ ಹಿಂದೆ ಯಾರೋ ಯಾರನ್ನೋ ಕರೆಯುತ್ತಿದ್ದರು. "ಸರಿ," ಅಂದಳು. "ಹೀಗೆ ಯಾರೂ ಬರೆಯಲ್ಲ, ಅದಕ್ಕೇ ಕೇಳ್ದೆ. ನೋಡ್ಕೊಂಡು ಕೊಡ್ತೀವಿ."

ನೋಡಿಕೊಂಡೇ ಕೊಟ್ಟರು. ಅವರ ಕಡೆ ತಪ್ಪೇನೂ ಇರಲಿಲ್ಲ. ಕೆಲವು ದಿನ ಬಿಟ್ಟು ಡಾಕ್ಟ್ರಮ್ಮ ಅಲ್ಲಿಯೇ ತೀರಿಕೊಂಡರು, ಮತ್ತೆ ಮಾತಾಡದೆ. ಗುಬ್ಬಿಯ ಕ್ಲಿನಿಕ್ಕಿನ ಬಾಗಿಲು ಮುಚ್ಚಿತು. ಸಂಜೆಯ ಗಾಡಿಯಲ್ಲಿ ನಾನು ಒಬ್ಬಳೇ ಬರುತ್ತೇನೆ. ತಂಗಿಯ ಮಗನ ಮೊಬೈಲಿನಲ್ಲಿ ಆ ಟಿಕ್ಕುಗಳು ಇನ್ನೂ ಇವೆ. ಆದರೆ ಔಷಧಿಯ ಜಾಗಕ್ಕೆ ಬಂದಾಗ ಅವರು ಟಿಕ್ ಹಾಕದೆ, ಎದುರಿಗಿದ್ದವರನ್ನು ಕೇಳಿ, ಯಾರು ಹೇಳಿದರು ಅಂತ ಟೈಪ್ ಮಾಡುತ್ತಾರಂತೆ. ಅವರ ಹೆಂಡತಿ ಹೇಳಿದ್ದು ಇದು, ನಾನು ನೋಡಿಲ್ಲ.

ಪೆನ್ನು ನನ್ನ ಹತ್ತಿರ ಇದೆ. ಇದನ್ನು ಅದರಲ್ಲೇ ಬರೆದೆ. ಬರೆದು ಮುಗಿಸಿ ಮಡಚುವ ಮೊದಲು ಗಟ್ಟಿಯಾಗಿ ಓದಿದೆ, ಒಂದೊಂದು ವಾಕ್ಯಕ್ಕೂ ನಿಲ್ಲಿಸಿ. ಬಸ್ಸಿನ ಕಂಬಿಯ ಹತ್ತಿರ ನಿಲ್ಲಿಸಿದೆ, ಹಸಿರು ಸೀರೆಯ ಹತ್ತಿರ ನಿಲ್ಲಿಸಿದೆ, ಕುಣಿಗಲ್ಲಿನ ಹತ್ತಿರ, ಆ ಹೆಬ್ಬೆರಳಿನ ಹತ್ತಿರ. ಅದು ಹಂಗಲ್ಲ ಅಂತ ಹೇಳಬೇಕಾದವರು ಒಬ್ಬರೇ. ಅವರನ್ನು ಕೇಳಲಾಗಲಿಲ್ಲ.